ಯುರೋಪಿನ ನಗರಗಳು ಸಿಲಿಕಾನ್ ವ್ಯಾಲಿಯ ನಕಲು ಹೊಡೀಬೇಕಾ? ಹೊಡೆಯೋದಾದ್ರೆ ಯಾವ ಪುಟ?

ಸ್ಪ್ರೀ_ದಂಡೆ
ಜರ್ಮನಿಯ ಬರ್ಲಿನ್, ಮ್ಯೂನಿಕ್, ನೆದರ್ಲೆಂಡ್ಸಿನ ಐಂಡ್‌ಹೋವನ್ ಕಡೆ ಕೆಲಸ ಮಾಡೋರು, ಬೆಂಗಳೂರಲ್ಲಿ ಕೂತು ಯುರೋಪಿನ ಕಂಪನಿಗಳ ಕಾಗದಪತ್ರ ನೋಡೋರು ಇಬ್ಬರೂ ಇಲ್ಲಿದ್ದೀರಿ. ಅದಕ್ಕೇ ಈ ಪ್ರಶ್ನೆ ಇಲ್ಲೇ ಹಾಕ್ತಿದೀನಿ.

2024ರ ಸೆಪ್ಟೆಂಬರಿನಲ್ಲಿ ಯುರೋಪಿನ ಆರ್ಥಿಕ ಪೈಪೋಟಿಯ ಬಗ್ಗೆ ಇಟಲಿಯ ಮಾಜಿ ಪ್ರಧಾನಿ ಮಾರಿಯೊ ದ್ರಾಗಿ ವರದಿ ಬಂತಲ್ಲ, ಅಲ್ಲಿಂದೀಚೆಗೆ ಅಲ್ಲಿನ ರಾಜಕಾರಣಿಗಳದ್ದು ಒಂದೇ ರಾಗ: ಹಿಂದೆ ಬಿದ್ವಿ, ಅಮೆರಿಕದ ಥರ ಸ್ಟಾರ್ಟಪ್ ಬೆಳೆಸಬೇಕು. ವರದಿಯ ಎರಡು ಮಾತು ಎಲ್ಲರ ಬಾಯಲ್ಲೂ ಇವೆ. 2008ರಿಂದ 2021ರ ನಡುವೆ ಯುರೋಪಲ್ಲಿ ಹುಟ್ಟಿ 100 ಕೋಟಿ ಡಾಲರ್ ಬೆಲೆ ಮುಟ್ಟಿದ ಕಂಪನಿಗಳಲ್ಲಿ ಹತ್ತಿರ ಹತ್ತಿರ ಶೇ 30ರಷ್ಟು ತಮ್ಮ ಕೇಂದ್ರ ಕಚೇರಿಯನ್ನ ಹೊರಗೆ ಒಯ್ದವು, ಹೆಚ್ಚಿನವು ಅಮೆರಿಕಕ್ಕೆ. ಇನ್ನೊಂದು, ಕಳೆದ 50 ವರ್ಷದಲ್ಲಿ ಸೊನ್ನೆಯಿಂದ ಶುರುವಾಗಿ 10,000 ಕೋಟಿ ಯೂರೋ ಮಾರುಕಟ್ಟೆ ಬೆಲೆ ದಾಟಿದ ಕಂಪನಿ ಐರೋಪ್ಯ ಒಕ್ಕೂಟದಲ್ಲಿ ಒಂದೂ ಇಲ್ಲ.

ಇದಕ್ಕೆ ನಗರಗಳು ಕೊಡೋ ಉತ್ತರ ಮಾತ್ರ ಯಾವಾಗ್ಲೂ ಒಂದು ಕಟ್ಟಡ. ಹೊಸ ಕಂಪನಿಗಳಿಗೆ ಜಾಗ, ನೆರವು ಕೊಡೋ ಇನ್‌ಕ್ಯುಬೇಟರ್, ಬಣ್ಣದ ಕುರ್ಚಿ, ವರ್ಷಕ್ಕೊಂದು ಸಮ್ಮೇಳನ. ಇದರಿಂದ ಏನಾದ್ರೂ ಆಗುತ್ತಾ? ಅಮೆರಿಕದ ಮಾದರಿಯಲ್ಲಿ ತರಬಹುದಾದದ್ದು ಯಾವುದು, ತರಬಾರದ್ದು ಯಾವುದು? ಗೊತ್ತಿರೋರು ಬಿಡಿಸಿ ಹೇಳಿ.

ಗಿರ್ಮಿಟ್_ಗೌಡ
ನಕಲು ಮಾಡ್ಬೇಕೋ ಬ್ಯಾಡೋ ಅಂತ ಈಗ ಕೇಳಾಕತ್ತೀರಲ್ರೀ, ಬರ್ಲಿನ್ನಿನವ್ರು ಆಗ್ಲೇ ಮಾಡಿ ಮುಗಿಸ್ಯಾರ. ಸಾಮ್ವರ್ ಅಣ್ಣತಮ್ಮಂದಿರು 1999ರಾಗ ಈಬೇ ನೋಡಿ ಅಲಾಂಡೊ ಸುರು ಮಾಡಿದ್ರು, ಕೆಲವೇ ತಿಂಗಳಿನ್ಯಾಗ ಈಬೇಗೇ ಮಾರಿ ಕೈ ತೊಳಕೊಂಡ್ರು. 2007ರಾಗ ಇಂಥ ನಕಲು ಕಂಪನಿ ಹುಟ್ಟಿಸೋ ರಾಕೆಟ್ ಇಂಟರ್ನೆಟ್ ಕಟ್ಟಿದ್ರು. ಗ್ರೂಪಾನ್ ನೋಡಿ ಸಿಟಿಡೀಲ್ ಮಾಡಿದ್ರು, 2010ರಾಗ ಅದನ್ನೂ ಗ್ರೂಪಾನ್‌ಗೇ ಕೊಟ್ರು. ಏರ್‌ಬಿಎನ್‌ಬಿ ನೋಡಿ ವಿಮ್ಡು ಮಾಡಿದ್ರು, ಆದ್ರ ಏರ್‌ಬಿಎನ್‌ಬಿ ತಗೊಳ್ಳಿಲ್ಲ. 2018ರಾಗ ವಿಮ್ಡು ಬಾಗಿಲು ಮುಚ್ಚಿತು.

ರಾಕೆಟ್ 2014ರಾಗ ಷೇರು ಪ್ಯಾಟಿಗೆ ಬಂದಾಗ ಒಂದು ಷೇರಿಗೆ 42.50 ಯೂರೋ. 2020ರಾಗ ಅಲ್ಲಿಂದ ಹೊರಗ ಬರೋವಾಗ ಷೇರುದಾರರಿಗೆ ಕೊಟ್ಟದ್ದು 18.57. ನಕಲಿನ ಲೆಕ್ಕ ಇಷ್ಟರಾಗ ಗೊತ್ತಾಗ್ತದ.

ಚುರುಮುರಿ
ಗೌಡ್ರೇ, ಜಲಾಂಡೊ ಬಿಟ್ಟೇಬಿಟ್ರಲ್ಲ. ಅದೂ ಆನ್‌ಲೈನಲ್ಲಿ ಚಪ್ಪಲಿ ಮಾರೋ ಅಮೆರಿಕದ ಜ್ಯಾಪೋಸ್ ನೋಡಿ 2008ರಲ್ಲಿ ಶುರುವಾದದ್ದೇ, ಅದೇ ರಾಕೆಟ್ ದುಡ್ಡಲ್ಲಿ. 2021ರಲ್ಲಿ ಜರ್ಮನಿಯ ದೊಡ್ಡ ಕಂಪನಿಗಳ ಷೇರು ಸೂಚ್ಯಂಕ ಡಾಕ್ಸ್ ಸೇರ್ತು. ನಕಲು ಮಾಡಿದ್ರೂ ಸರಕು ಸಾಗಣೆ, ಗೋದಾಮು, ವಾಪಸ್ ಬಂದ ಚಪ್ಪಲಿ ಲೆಕ್ಕ ಇದೆಲ್ಲ ಸ್ವಂತವಾಗಿ ಕಟ್ಟಿದ್ರು, ಅದಕ್ಕೇ ಉಳಿದ್ರು.

ಶಾನುಭೋಗ_2.0
ಇಲ್ಲಿ ಎರಡು ವಿಷಯ ಕಲಸಿಹೋಗ್ತಿದೆ. ಒಂದು, ಅಮೆರಿಕದ ಕಂಪನಿಗಳ ನಕಲು. ಇನ್ನೊಂದು, ಆ ಕಂಪನಿಗಳನ್ನ ಹುಟ್ಟಿಸೋ ಏರ್ಪಾಟಿನ ನಕಲು. ರಾಕೆಟ್ ಮಾಡಿದ್ದು ಮೊದಲನೇದು. ಸ್ಪ್ರೀ_ದಂಡೆಯವರು ಕೇಳ್ತಿರೋದು ಎರಡನೇದು.

ಆ ಏರ್ಪಾಟಿನಲ್ಲಿ ಮೊದಲು ನೋಡ್ಬೇಕಾದ್ದು ದುಡ್ಡು ಎಲ್ಲಿಂದ ಬರುತ್ತೆ ಅನ್ನೋದು. ವೆಂಚರ್ ಕ್ಯಾಪಿಟಲ್‌ನವರು (ವಿಸಿ), ಅಂದ್ರೆ ಹೊಸ ಕಂಪನಿಗಳ ಷೇರಿಗೆ ದುಡ್ಡು ಹಾಕೋರು, ತಮ್ಮ ದುಡ್ಡು ಹಾಕಲ್ಲ, ಬೇರೆಯವರದ್ದು ಹಾಕ್ತಾರೆ. ಅಮೆರಿಕದಲ್ಲಿ ಆ ಬೇರೆಯವರು ಅಂದ್ರೆ ಪೆನ್ಷನ್ ಫಂಡು, ವಿಶ್ವವಿದ್ಯಾಲಯಗಳ ದತ್ತಿನಿಧಿ. ಪೆನ್ಷನ್ ದುಡ್ಡು ಇತ್ತ ತಿರುಗಿದ್ದು 1979ರಲ್ಲಿ. ಅಲ್ಲೀವರೆಗೆ ಫಂಡ್ ನೋಡ್ಕೊಳ್ಳೋರು ಇಂಥದ್ದಕ್ಕೆ ಕೈ ಹಾಕೋಕೆ ಹೆದರ್ತಿದ್ರು, ಮುಳುಗಿದ್ರೆ ಸ್ವಂತ ತಲೆಗೆ ಬರುತ್ತೆ ಅಂತ. ಪ್ರತಿ ಹೂಡಿಕೆಯನ್ನ ಬಿಡಿಬಿಡಿಯಾಗಿ ನೋಡಬೇಕಿಲ್ಲ, ಇಡೀ ಗಂಟಿನ ಅಪಾಯ ನೋಡಿದ್ರೆ ಸಾಕು ಅಂತ ಕಾರ್ಮಿಕ ಇಲಾಖೆ ಸ್ಪಷ್ಟಪಡಿಸ್ತು. ಹಿಂದಿನ ವರ್ಷವೇ ಬಂಡವಾಳ ಲಾಭದ ಮೇಲಿನ ತೆರಿಗೆಯೂ ಇಳಿದಿತ್ತು. ಸಿಲಿಕಾನ್ ವ್ಯಾಲಿಗೆ ಬಂದ ನೀರಿನ ಪೈಪು ಇದೇ.

ಈಗ ಜರ್ಮನಿ ನೋಡಿ. ಅಲ್ಲಿ ಸರ್ಕಾರಿ ಪಿಂಚಣಿ ಅಂದ್ರೆ ಇವತ್ತು ದುಡಿಯೋರ ಕಂತು ಇವತ್ತಿನ ಮುದುಕರಿಗೆ ನೇರ ಹೋಗುತ್ತೆ. ಕೂಡಿಟ್ಟ ಗಂಟೇ ಇಲ್ಲ. ಫ್ರಾನ್ಸಲ್ಲೂ ಬಹುಪಾಲು ಹಾಗೇ. ಹಾಗಾಗಿ ಯುರೋಪಿನ ವಿಸಿ ಫಂಡುಗಳಿಗೆ ದೊಡ್ಡ ಆಸರೆ 1994ರಲ್ಲಿ ಹುಟ್ಟಿದ ಯುರೋಪಿಯನ್ ಇನ್ವೆಸ್ಟ್‌ಮೆಂಟ್ ಫಂಡ್, ಅಂದ್ರೆ ಸಾರ್ವಜನಿಕ ದುಡ್ಡು. ಮೊದಲ 20 ಲಕ್ಷ ಯೂರೋ ಸಿಗೋದು ಈಗ ಕಷ್ಟ ಅಲ್ಲ, ಕಷ್ಟ ಬರೋದು 10 ಕೋಟಿ ಬೇಕಾದಾಗ. ಅಷ್ಟು ದೊಡ್ಡ ಚೆಕ್ ಬರೆಯೋರು ಹೆಚ್ಚಾಗಿ ಅಮೆರಿಕದವರು. ಅವರು ಬಂದ ಮೇಲೆ ಕಂಪನಿಯ ಕಾಗದ ಡೆಲವೇರ್‌ಗೆ ಹೊರಡುತ್ತೆ, ಅಂದ್ರೆ ಕಂಪನಿ ನೋಂದಣಿಗೆ ಹೆಸರಾದ ಅಮೆರಿಕದ ರಾಜ್ಯಕ್ಕೆ. ಬರ್ಲಿನ್ ಮೇಯರ್ ಎಷ್ಟು ಕಟ್ಟಡ ಕಟ್ಟಿಸಿದ್ರೂ ಪೆನ್ಷನ್ ಕಾನೂನು ಅವರ ಕೈಲಿಲ್ಲ.

ಒಂದು ತಮಾಷೆ: ಆಧುನಿಕ ವಿಸಿಯ ಮೂಲಪುರುಷ ಅಂತ ಕರೆಸಿಕೊಳ್ಳೋ ಜಾರ್ಜ್ ಡೋರಿಯೋ ಹುಟ್ಟಿದ್ದು ಪ್ಯಾರಿಸಲ್ಲಿ. 1946ರಲ್ಲಿ ಬಾಸ್ಟನ್ನಲ್ಲಿ ಎಆರ್‌ಡಿಸಿ ಕಟ್ಟಿ, 1957ರಲ್ಲಿ ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪನಿಗೆ 70,000 ಡಾಲರ್ ಹಾಕಿದ್ರು. ಯುರೋಪಿನ ಸರಕೇ ಯುರೋಪಿಗೆ ಆಮದು.

ಕುಡ್ಲದ_ಅಳಿಯ
ದುಡ್ಡಿನ ಮಾತು ಸರಿ ಶಾನುಭೋಗ್ರೆ, ಆದ್ರೆ ಜರ್ಮನಿಯ ನೋಟರಿ ಕಥೆ ನಿಮಗೆ ಗೊತ್ತುಂಟಾ? ಡೆಲವೇರ್‌ನಲ್ಲಿ ಕಂಪನಿ ಮಾಡುದಾದ್ರೆ ಕಂಪ್ಯೂಟರಲ್ಲಿ ಒಂದು ಅರ್ಜಿ, ಒಬ್ಬ ಏಜೆಂಟ್, ಒಂದೆರಡು ದಿನ. ಜರ್ಮನಿಯಲ್ಲಿ ಜಿಎಂಬಿಎಚ್, ಅಂದ್ರೆ ಅಲ್ಲಿನ ಪ್ರೈವೇಟ್ ಲಿಮಿಟೆಡ್ ಕಂಪನಿ, ಮಾಡುದಾದ್ರೆ ಹೀಗೆ:

ಮೊದಲು ಹೆಸರು ಸಿಗ್ತದಾ ಅಂತ ವಾಣಿಜ್ಯ ಮಂಡಳಿಯಲ್ಲಿ ವಿಚಾರಿಸ್ಬೇಕು. ಮತ್ತೆ ನೋಟರಿ ಹತ್ರ ಹೋಗ್ಬೇಕು. ಅವರು ಕರಾರುಪತ್ರ ಪೂರ್ತಿ ಗಟ್ಟಿಯಾಗಿ ಓದ್ತಾರೆ, ಒಂದಕ್ಷರ ಬಿಡುದಿಲ್ಲ, ಕಾನೂನೇ ಹಾಗೆ. ಜರ್ಮನ್ ಬಾರದವರಿಗೆ ದುಭಾಷಿ ಬೇಕು. ಆ ಕಾಗದ ಹಿಡ್ಕೊಂಡು ಬ್ಯಾಂಕಿಗೆ. ಬಂಡವಾಳ 25,000 ಯೂರೋ, ಅದರಲ್ಲಿ ಕನಿಷ್ಠ 12,500 ಮೊದಲೇ ಕಟ್ಟಿರ್ಬೇಕು. ಕಟ್ಟಿದ ರಸೀದಿ ನೋಟರಿಗೆ, ನೋಟರಿಯಿಂದ ವಾಣಿಜ್ಯ ದಾಖಲೆಗೆ, ಆಮೇಲೆ ಊರಿನ ವ್ಯಾಪಾರ ಕಚೇರಿ, ಕಡೆಗೆ ತೆರಿಗೆ ಕಚೇರಿಯ ಉದ್ದದ ಪ್ರಶ್ನಾವಳಿ. ತೆರಿಗೆ ನಂಬರ್ ಬಾರದೆ ಬಿಲ್ಲು ಕೊಡ್ಲಿಕ್ಕಿಲ್ಲ. ಬ್ಯಾಂಕ್ ಖಾತೆ ತೆರೆಯುದರಲ್ಲಿ ಸಿಕ್ಕಿಬಿದ್ದವರೇ ಜಾಸ್ತಿ, ಸಂಸ್ಥಾಪಕರಲ್ಲಿ ಒಬ್ಬ ಹೊರದೇಶದಲ್ಲಿದ್ರೆ ಮುಗೀತು.

ದುಡ್ಡಿಲ್ಲದವರಿಗೆ ಯುಜಿ ಅಂತ ಸಣ್ಣ ಬಂಡವಾಳದ ಕಂಪನಿ ಉಂಟು, 2008ರಿಂದ. 1 ಯೂರೋದಲ್ಲೂ ಆಗ್ತದೆ. ಆದ್ರೆ ಪ್ರತಿ ವರ್ಷದ ಲಾಭದಲ್ಲಿ ಕಾಲು ಭಾಗ ತೆಗೆದಿಡ್ಬೇಕು, ಬಂಡವಾಳವನ್ನು 25,000ಕ್ಕೆ ಏರಿಸುವವರೆಗೂ.

ಇದೆಲ್ಲ ಒಂದು ಸಲ ಅಲ್ಲ ಮಾರಾಯ್ರೆ. ಹೂಡಿಕೆಯ ಪ್ರತಿ ಸುತ್ತಿನಲ್ಲೂ ಮತ್ತೆ ನೋಟರಿ, ಮತ್ತೆ ಓದುದು. ಷೇರು ಕೈ ಬದಲಾದ್ರೂ ನೋಟರಿ. ಅಮೆರಿಕದ ಹೂಡಿಕೆದಾರ ಬರುದಿಲ್ಲ, ಮುಖ್ತಿಯಾರ್‌ನಾಮೆ ಕಳಿಸ್ತಾನೆ. ಅದರ ಸಹಿ ದೃಢೀಕರಣ ಆಗಿರ್ಬೇಕು, ಹೊರದೇಶದಲ್ಲಿ ನಡೆಯುವ ಸರ್ಕಾರಿ ಮೊಹರು, ಅಪೋಸ್ಟಿಲ್, ಇರ್ಬೇಕು. ಸ್ಕ್ಯಾನ್ ಕಾಪಿ ಮೇಲ್ ಮಾಡಿ ಕೂತ್ರೆ ಸುತ್ತು ನಿಂತೇ ಹೋಯ್ತು. ಖಾತೆಯಲ್ಲಿ ಮುಂದಿನ ತಿಂಗಳ ಸಂಬಳ ಇಲ್ಲದ ಕಂಪನಿಗೆ ಹತ್ತು ದಿನ ಅಂದ್ರೆ ಎಂತ?

ಐಸಾರ್_ನೀರು
ಅಳಿಯ ಅವರೇ, 2022ರ ಆಗಸ್ಟ್ ನಂತರ ಜಿಎಂಬಿಎಚ್ ನೋಂದಣಿ ಆನ್‌ಲೈನ್ ಆಗುತ್ತೆ. ಹಳೇ ಮಾಹಿತಿ ಹರಡಬೇಡಿ.

ಕುಡ್ಲದ_ಅಳಿಯ
ಆಗ್ತದೆ, ಇಲ್ಲ ಅಂದವರು ಯಾರು? ಅದು ವಿಡಿಯೋದಲ್ಲಿ ನೋಟರಿ. ಅಲ್ಲಿಯೂ ಓದ್ತಾರೆ! ಗುರುತಿನ ಚೀಟಿಯ ಎಲೆಕ್ಟ್ರಾನಿಕ್ ಸೌಲಭ್ಯ ಚಾಲೂ ಇರ್ಬೇಕು, ಅದರ ಪಿನ್ ಮರೆತವರು ಮತ್ತೆ ಕಚೇರಿಗೇ ಹೋಗ್ಬೇಕು. ಷೇರು ಮಾರಾಟಕ್ಕೆ ಈ ಆನ್‌ಲೈನ್ ನಡೆಯುದಿಲ್ಲ.

ಒಗ್ಗರಣೆ_ಮಂಜು
ಗಟ್ಟಿಯಾಗಿ ಓದೋದಂದ್ರೆ ಗಮಕ ವಾಚನ ಥರಾನಾ? 😄

ಕುಡ್ಲದ_ಅಳಿಯ
ಗಮಕದಲ್ಲಿ ರಾಗ ಆದ್ರೂ ಉಂಟು. ಇದು ಎಕ್ಸ್‌ಪ್ರೆಸ್ ರೈಲು.

ಟಾಲ್ಲಿನ್_ಟಪಾಲು
ಯುರೋಪ್ ಅಂದ್ರೆ ಜರ್ಮನಿ ಒಂದೇ ಅಲ್ಲ. ಎಸ್ಟೋನಿಯಾದಲ್ಲಿ 2014ರ ಡಿಸೆಂಬರಿನಿಂದ ಇ-ರೆಸಿಡೆನ್ಸಿ ಅನ್ನೋ ಡಿಜಿಟಲ್ ಗುರುತಿನ ಚೀಟಿ ಇದೆ, ಭಾರತದಲ್ಲಿ ಕೂತೇ ಕಂಪನಿ ತೆರೀಬಹುದು. ಲಾಭವನ್ನ ಕಂಪನಿಯಲ್ಲೇ ಬಿಟ್ಟರೆ ಕಾರ್ಪೊರೇಟ್ ತೆರಿಗೆ ಸೊನ್ನೆ, ಹಂಚಿಕೊಂಡಾಗ ಮಾತ್ರ ತೆರಿಗೆ. 2023ರಿಂದ ಬಂಡವಾಳ 1 ಸೆಂಟ್ ಇದ್ರೂ ನಡೆಯುತ್ತೆ. ನೌಕರನಿಗೆ ಆಪ್ಷನ್, ಅಂದ್ರೆ ಮುಂದೆ ಕಂಪನಿಯ ಷೇರು ಪಡೆಯೋ ಹಕ್ಕು, ಕೊಟ್ಟು 3 ವರ್ಷ ಕಳೆದ ಮೇಲೆ ಷೇರಾಗಿ ಬದಲಿಸಿಕೊಂಡ್ರೆ ಆ ಹೊತ್ತಿಗೆ ತೆರಿಗೆ ಇಲ್ಲ.

ಎಚ್ಚರಿಕೆ ಒಂದೇ. ಇ-ರೆಸಿಡೆನ್ಸಿ ವೀಸಾ ಅಲ್ಲ, ತೆರಿಗೆ ವಾಸವೂ ಅಲ್ಲ. ಕಂಪನಿ ಟಾಲ್ಲಿನ್ನದ್ದು, ತೀರ್ಮಾನ ತಗೊಳ್ಳೋರು ಮೈಸೂರಲ್ಲಿ ಕೂತಿದ್ದಾರೆ ಅಂದ್ರೆ ಭಾರತದ ತೆರಿಗೆ ಇಲಾಖೆ ಆ ಕಂಪನಿಯನ್ನ ತಮ್ಮದೇ ಅಂತ ಎಣಿಸಬಹುದು.

ಇಸಾಪ್_ಈಶ್ವರಿ
ಆಪ್ಷನ್ ವಿಷಯ ಬಂತು, ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ನನ್ನ ಪ್ರಕಾರ ಅಮೆರಿಕದಿಂದ ಮೊದಲು ತರಬೇಕಾದ್ದು ಇದೇ.

ಅಮೆರಿಕದ ರೂಢಿ: 4 ವರ್ಷದಲ್ಲಿ ಹಂತಹಂತವಾಗಿ ಷೇರಿನ ಹಕ್ಕು, ಮೊದಲ 1 ವರ್ಷ ತುಂಬೋವರೆಗೆ ಏನೂ ಇಲ್ಲ. ಜರ್ಮನಿಯಲ್ಲಿ ಇದನ್ನ ಹಾಗೇ ಇಳಿಸೋಕೆ ಹೋದ್ರೆ ಎರಡು ಕಡೆ ಮುರಿಯುತ್ತೆ. ಮೊದಲನೇದು ಅಳಿಯನವರು ಹೇಳಿದ ನೋಟರಿ, 40 ಜನ ನೌಕರರಿಗೆ ಷೇರು ಕೊಟ್ಟರೆ ಅವರೆಲ್ಲ ಷೇರುದಾರರು, ಷೇರು ಕೈ ಬದಲಾದಾಗೆಲ್ಲ ನೋಟರಿ. ಎರಡನೇದು ಕೈಗೆ ಬಾರದ ಆದಾಯದ ಮೇಲೆ ತೆರಿಗೆ. ಕಾಗದದ ಮೇಲೆ 50,000 ಯೂರೋ ಷೇರು ಬಂದರೆ ಅದು ಸಂಬಳ ಅಂತ ಲೆಕ್ಕ, ತೆರಿಗೆ ಕಟ್ಟೋದು ಜೇಬಿನಿಂದ. ಷೇರು ಮಾರೋಕೆ ಮಾರುಕಟ್ಟೆಯೇ ಇಲ್ಲ.

ಹಾಗಾಗಿ ಅಲ್ಲಿ ನಡೆಯೋದು ವರ್ಚುವಲ್ ಷೇರು. ಹೆಸರಿಗೆ ಷೇರು, ನಿಜದಲ್ಲಿ ಒಂದು ಕರಾರು: ಕಂಪನಿ ಮಾರಾಟವಾದ್ರೆ ಇಷ್ಟು ದುಡ್ಡು ಕೊಡ್ತೀವಿ ಅಂತ. ಲೆಕ್ಕ ಹಾಕಿ. ಕಂಪನಿ 10 ಕೋಟಿ ಯೂರೋಗೆ ಹೋಯ್ತು, ನಿಮ್ಮ ಪಾಲು ಶೇ 0.1, ಅಂದ್ರೆ 1,00,000 ಯೂರೋ. ವರ್ಚುವಲ್ ಆದ್ರೆ ಇಡೀ ಮೊತ್ತ ಸಂಬಳ, ಮೇಲಿನ ಹಂತದ ದರ ಶೇ 42, ಕೈಗೆ ಅಂದಾಜು 58,000. ನಿಜವಾದ ಷೇರಿನ ಲಾಭ ಆಗಿದ್ರೆ ಬಂಡವಾಳ ಲಾಭದ ದರ ಶೇ 26.375, ಕೈಗೆ 73,000 ಚಿಲ್ಲರೆ.

2024ರ ಜನವರಿಯಿಂದ ಜರ್ಮನಿ ಕಾನೂನು ಸಡಿಲ ಮಾಡಿದೆ. ತೆರಿಗೆಯನ್ನ 15 ವರ್ಷದವರೆಗೆ ಮುಂದೂಡಬಹುದು, 1,000 ನೌಕರರೊಳಗಿನ, 20 ವರ್ಷದೊಳಗಿನ ಕಂಪನಿಗಳಿಗೆ. ಆದ್ರೂ ವರ್ಚುವಲ್ ಷೇರಿಗೆ ಇದು ಹೊಂದಲ್ಲ, ನಿಜ ಷೇರಿಗೆ ಮಾತ್ರ. ನೌಕರರಿಗೆ ಷೇರು ಕೊಡೋಕೆ ಬ್ರಿಟನ್ನಿನಲ್ಲಿರೋ ಇಎಂಐ, ಫ್ರಾನ್ಸಿನ ಬಿಎಸ್‌ಪಿಸಿಇ ಯೋಜನೆಗಳು ಇದಕ್ಕಿಂತ ಎಷ್ಟೋ ಮೇಲು.

ಇನ್ನೊಂದು, ಕೆಲಸ ಬಿಡೋರು ಗಮನಿಸಿ. ರಾಜೀನಾಮೆ ಕೊಟ್ಟ ಕೂಡಲೇ ಗಳಿಸಿದ ವರ್ಚುವಲ್ ಹಕ್ಕೂ ಹೋಯ್ತು ಅನ್ನೋ ಷರತ್ತು ಬಹಳ ಕರಾರುಗಳಲ್ಲಿತ್ತು. ಅಂಥ ಷರತ್ತು ನಡೆಯಲ್ಲ ಅಂತ 2025ರ ಮಾರ್ಚಿನಲ್ಲಿ ಅಲ್ಲಿನ ಫೆಡರಲ್ ಕಾರ್ಮಿಕ ನ್ಯಾಯಾಲಯ ತೀರ್ಪು ಕೊಟ್ಟಿದೆ. ಹಳೇ ಕರಾರು ತೆಗೆದು ಓದಿ.

ನೇರ_ನುಡಿ
ಇದೆಲ್ಲ ಸಣ್ಣಪುಟ್ಟ ವಿಷಯ. ಮುಖ್ಯ ಕಾರಣ ಒಂದೇ, ಯುರೋಪಲ್ಲಿ ಒಬ್ಬನನ್ನ ಕೆಲಸಕ್ಕೆ ತಗೊಂಡ್ರೆ ತೆಗೆಯೋಕಾಗಲ್ಲ. ಅಮೆರಿಕದಲ್ಲಿ ಶುಕ್ರವಾರ ಸಂಜೆ ಹೇಳಿದ್ರೆ ಮುಗೀತು.

ಐಸಾರ್_ನೀರು
ಎಲ್ಲರೂ ಹೇಳೋ ಮಾತು, ಅರ್ಧ ತಪ್ಪು. ಜರ್ಮನಿಯ ಉದ್ಯೋಗ ರಕ್ಷಣಾ ಕಾನೂನು ಅನ್ವಯ ಆಗೋದೇ 10ಕ್ಕಿಂತ ಹೆಚ್ಚು ಜನ ಇರೋ ಕಡೆ, ಅದೂ 6 ತಿಂಗಳು ಕೆಲಸ ಮಾಡಿದ ಮೇಲೆ. 8 ಜನರ ಸ್ಟಾರ್ಟಪ್‌ಗೆ ನೋಟಿಸ್ ಅವಧಿ ಪಾಲಿಸಿದ್ರೆ ಸಾಕು. ಅರ್ಧಾವಧಿ ನೌಕರರನ್ನ ಮುಕ್ಕಾಲು, ಅರ್ಧ ಅಂತ ಎಣಿಸ್ತಾರೆ, ಅಲ್ಲಿ ಲೆಕ್ಕ ತಪ್ಪಿ ಕೋರ್ಟಿಗೆ ಹೋದವರಿದ್ದಾರೆ.

ನಿಜವಾದ ಅಡ್ಡಿ ತೆಗೆಯೋದಲ್ಲ, ತಗೊಳ್ಳೋದು. ಅನುಭವಿ ಎಂಜಿನಿಯರ್ ಕರಾರಿನಲ್ಲಿ 3 ತಿಂಗಳ ನೋಟಿಸ್ ಮಾಮೂಲು, ಬಹಳ ಕಡೆ ತಿಂಗಳ ಕೊನೆಗೋ ತ್ರೈಮಾಸಿಕದ ಕೊನೆಗೋ ಮಾತ್ರ ಬಿಡಬೇಕು. ಜನವರಿಯಲ್ಲಿ ಹೂಂ ಅಂದವನು ಮೇಜಿಗೆ ಬರೋದು ಮೇಗೋ ಜುಲೈಗೋ.

ಚುರುಮುರಿ
ನಮ್ಮ ಬೆಂಗಳೂರಿನ 90 ದಿನ ನೆನಪಾಯ್ತು. ಯುರೋಪ್‌ನಿಂದ ನಾವು ಕಲಿತಿರೋ ಒಂದೇ ಒಂದು ವಿಷಯ ಇದು ಅನ್ಸುತ್ತೆ.

ಶಾನುಭೋಗ_2.0
ನೋಟಿಸಿನ ಜೊತೆ ನಾನ್-ಕಾಂಪೀಟ್ ಕೂಡ ಸೇರಿಸಿ. ಕ್ಯಾಲಿಫೋರ್ನಿಯಾದಲ್ಲಿ ಪ್ರತಿಸ್ಪರ್ಧಿ ಕಂಪನಿಗೆ ಹೋಗಬಾರದು ಅನ್ನೋ ಕರಾರು ಚಲಾವಣೆ ಆಗಲ್ಲ, ಆ ನಿಯಮದ ಬೇರು 1872ರ ಸಿವಿಲ್ ಸಂಹಿತೆಯಲ್ಲಿದೆ. 1957ರಲ್ಲಿ ಎಂಟು ಜನ ತಮ್ಮ ಮಾಲೀಕ ಶಾಕ್ಲಿಯ ಟ್ರಾನ್ಸಿಸ್ಟರ್ ಕಂಪನಿಯನ್ನ ಬಿಟ್ಟು ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಕಟ್ಟಿದ್ರಲ್ಲ, ಆ ಓಡಾಟ ಆ ನೆಲದಲ್ಲಿ ಸಲೀಸು. ಜರ್ಮನಿಯಲ್ಲಿ ಕಂಪನಿ ನಿಮ್ಮನ್ನ ಕಟ್ಟಿಹಾಕಬಹುದು, ಹೆಚ್ಚೆಂದ್ರೆ 2 ವರ್ಷ, ಆದ್ರೆ ಆ ಅವಧಿಗೆ ಕೊನೆಯ ಸಂಬಳದ ಅರ್ಧಕ್ಕೆ ಕಡಿಮೆ ಇಲ್ಲದಷ್ಟು ಕೊಡ್ತಾ ಇರಬೇಕು. ದುಬಾರಿಯಾದ್ದರಿಂದ ಸುಮ್ಮಸುಮ್ಮನೆ ಯಾರೂ ಹಾಕಲ್ಲ. ಕೊಡೋ ಮಾತಿಲ್ಲದೆ ಬರೀ ನಿಷೇಧ ಬರೆದಿದ್ರೆ ಆ ಷರತ್ತೇ ಬಿದ್ದುಹೋಗುತ್ತೆ.

ಫೇರ್‌ಚೈಲ್ಡ್ ಹೆಸರೆತ್ತಿದ್ದಕ್ಕೆ ಇನ್ನೊಂದು. ಅದರ ಆರಂಭದ ದೊಡ್ಡ ಗಿರಾಕಿಗಳು ಮಿನಿಟ್‌ಮನ್ ಕ್ಷಿಪಣಿ, ಅಪೊಲೊ ನೌಕೆಯ ಕಂಪ್ಯೂಟರ್. ಅಂದ್ರೆ ಅಮೆರಿಕ ಸರ್ಕಾರ. ಅಮೆರಿಕದ ಮಾದರಿ ಅಂದ್ರೆ ಸರ್ಕಾರ ದೂರ ನಿಂತ ಮಾದರಿ ಅಂತ ಯುರೋಪಿನ ಭಾಷಣಗಳಲ್ಲಿ ಹೇಳ್ತಾರೆ, ಅದು ಇತಿಹಾಸ ಅಲ್ಲ.

ಗಿರ್ಮಿಟ್_ಗೌಡ
ಹಂಗಾದ್ರ ಪ್ಯಾರಿಸ್ಸಿನ ಸ್ಟೇಷನ್ ಎಫ್ ದಂಡ ಅಂತೀರೇನು? 34,000 ಚದರ ಮೀಟರ್ ಐತಿ, ಹಳೇ ರೈಲು ಸರಕಿನ ಶೆಡ್ಡು, 2017ರಾಗ ಸುರುವಾತು, ಸಾವಿರ ಸ್ಟಾರ್ಟಪ್ ಕೂಡೋವಷ್ಟು ಜಾಗ.

ಸೇನ್_ಸೇತುವೆ
ದಂಡ ಅಲ್ಲ, ಆದ್ರೆ ಅದು ಮುಖಮಂಟಪ. ಫ್ರಾನ್ಸಿನ ಟೆಲಿಕಾಂ ಉದ್ಯಮಿ ಸೇವಿಯೆ ನಿಯೆಲ್ ಸ್ವಂತ ದುಡ್ಡು ಹಾಕಿ ಕಟ್ಟಿಸಿದ್ದು, ಅದೂ ನಗರದ ಬೊಕ್ಕಸ ಅಲ್ಲ. ಫ್ರಾನ್ಸಿನಲ್ಲಿ ಹೊಸ ಕಂಪನಿಗಳನ್ನ ನಿಜಕ್ಕೂ ಸಾಕ್ತಿರೋದು ನಿರುದ್ಯೋಗ ವಿಮೆ.

ಅದು ನಡೆಯೋ ರೀತಿ ಹೀಗೆ. ನೌಕರ ಮತ್ತು ಕಂಪನಿ ಒಪ್ಪಿ ಬೇರೆಯಾಗೋ ಒಂದು ದಾರಿ ಇದೆ, 2008ರಿಂದ. ಹಾಗೆ ಬಿಟ್ಟವರಿಗೆ ನಿರುದ್ಯೋಗ ಭತ್ಯೆ ಸಿಗುತ್ತೆ, ರಾಜೀನಾಮೆ ಕೊಟ್ಟವರಿಗೆ ಸಾಮಾನ್ಯವಾಗಿ ಇಲ್ಲ. ಆಮೇಲೆ ಕಂಪನಿ ತೆರೆದ್ರೆ ಎರಡು ಆಯ್ಕೆ. ತಿಂಗಳ ಭತ್ಯೆ ತಗೊಳ್ತಾ ಕಂಪನಿಯಿಂದ ಸಂಬಳ ತೆಗೆಯದೆ ಇರೋದು ಒಂದು. ಇಲ್ಲವೇ ಉಳಿದ ಭತ್ಯೆಯ ಶೇ 60 ಗಂಟಾಗಿ ತಗೊಳ್ಳೋದು, ಅರ್ಧ ಈಗ, ಅರ್ಧ 6 ತಿಂಗಳ ಮೇಲೆ. ಭತ್ಯೆ 30,000 ಯೂರೋ ಉಳಿದಿದ್ರೆ 9,000ದ ಎರಡು ಕಂತು. ಸಾಫ್ಟ್‌ವೇರ್ ಮಾಡೋರು ತಿಂಗಳ ಭತ್ಯೆಯನ್ನೇ ಆರಿಸ್ತಾರೆ, ಮೊದಲ ವರ್ಷ ಆದಾಯ ಇರಲ್ಲ ಅಂತ ಗೊತ್ತಿರುತ್ತೆ. ಯಂತ್ರ ಕೊಳ್ಳಬೇಕಾದವರಿಗೆ ಗಂಟು. ತಪ್ಪು ಮಾಡೋದು ಎಲ್ಲಿ ಅಂದ್ರೆ ಕಂಪನಿಯನ್ನ ಮೊದಲು ನೋಂದಾಯಿಸಿ ಆಮೇಲೆ ಕೆಲಸ ಬಿಡ್ತಾರೆ. ದಿನಾಂಕ ಹಿಂದುಮುಂದಾದ್ರೆ ಗಂಟು ಸಿಗದೇ ಹೋಗಬಹುದು.

ಇದರ ಮೇಲೆ ಸಂಶೋಧನಾ ತೆರಿಗೆ ರಿಯಾಯಿತಿ, 10 ಕೋಟಿ ಯೂರೋವರೆಗಿನ ಖರ್ಚಿನ ಶೇ 30. ಇದ್ಯಾವುದೂ ಅಮೆರಿಕದಲ್ಲಿ ನೋಡಿ ಬರೆದದ್ದಲ್ಲ. ಅಲ್ಲಿ ಕೆಲಸ ಬಿಟ್ಟರೆ ಆರೋಗ್ಯ ವಿಮೆಯೇ ಹೋಗುತ್ತೆ.

ನೇರ_ನುಡಿ
ತೆರಿಗೆದಾರರ ದುಡ್ಡಲ್ಲಿ ಒಬ್ಬ ಆ್ಯಪ್ ಮಾಡ್ಕೊಂಡು ಕೂರೋದು ಸರೀನಾ?

ಸೇನ್_ಸೇತುವೆ
ಅದು ಅವನು ದುಡಿದಾಗ ಅವನ ಸಂಬಳದ ಮೇಲೆ ಕಂಪನಿ ಕಟ್ಟಿದ ವಿಮೆ ಸ್ವಾಮೀ.

ಮೆಲಾರೆನ್_ಮೀನು
ನಗರಗಳು ಏನು ಮಾಡಬಹುದು ಅನ್ನೋದಕ್ಕೆ ಸ್ಟಾಕ್‌ಹೋಮ್ ನೋಡಿ. 1994ರಲ್ಲಿ ನಗರಪಾಲಿಕೆ ಸ್ಟೊಕಾಬ್ ಅನ್ನೋ ಕಂಪನಿ ಮಾಡ್ತು. ಅದು ನೆಲದಡಿ ಫೈಬರ್ ಎಳೆದು ಖಾಲಿ ಎಳೆಗಳನ್ನ ಬಾಡಿಗೆಗೆ ಕೊಡುತ್ತೆ, ಅಷ್ಟೇ. ತಾನು ಇಂಟರ್ನೆಟ್ ಮಾರಲ್ಲ. ಎಲ್ಲ ಕಂಪನಿಗೂ ಒಂದೇ ದರ. ರಸ್ತೆಯನ್ನ ಹತ್ತು ಜನ ಹತ್ತು ಸಲ ಅಗೆಯೋದು ತಪ್ಪಿತು, ಸಣ್ಣ ಸೇವಾದಾರರೂ ದೊಡ್ಡವರ ಜೊತೆ ಪೈಪೋಟಿಗೆ ಬಿದ್ರು. 1998ರಲ್ಲಿ ಸಂಬಳದಿಂದ ಕಂತು ಕಡಿದು ಮನೆಗೆ ಕಂಪ್ಯೂಟರ್ ತಗೊಳ್ಳೋ ಯೋಜನೆ ಬಂತು. 2006ರಲ್ಲಿ ಸ್ಪಾಟಿಫೈ ಹುಟ್ಟಿದಾಗ ಮನೆಮನೆಯಲ್ಲಿ ವೇಗದ ಇಂಟರ್ನೆಟ್ಟೂ ಇತ್ತು, ಅದನ್ನ ಬಳಸಿ ಪಳಗಿದ ಹುಡುಗರೂ ಇದ್ರು.

ಸ್ವೀಡನ್ನಲ್ಲಿ ಸ್ವಂತ ವ್ಯವಹಾರ ಶುರು ಮಾಡೋಕೆ ನೌಕರನಿಗೆ 6 ತಿಂಗಳವರೆಗೆ ರಜೆ ಕೇಳೋ ಹಕ್ಕೂ ಇದೆ, ಸಂಬಳ ಇಲ್ಲದೆ. ಮಾಲೀಕನ ವ್ಯವಹಾರಕ್ಕೇ ಪೈಪೋಟಿ ಆಗಬಾರದು ಅಂತ ಷರತ್ತು.

ಒಗ್ಗರಣೆ_ಮಂಜು
ಹತ್ತು ಜನ ಹತ್ತು ಸಲ ರಸ್ತೆ ಅಗೆಯೋದು ತಪ್ಪಿತಾ? ಬೆಂಗಳೂರಿಗೆ ಇಂಥ ಮೀನು ಒಂದು ಕಳಿಸಿ ಕೊಡಿ.

ಫಿಲಿಪ್ಸ್_ಬಲ್ಬು
ಐಂಡ್‌ಹೋವನ್ ಸೇರಿಸ್ತೀನಿ. 1990ರ ದಶಕದ ಮೊದಲಲ್ಲಿ ಫಿಲಿಪ್ಸ್ ಸಾವಿರಾರು ಜನರನ್ನ ತೆಗೀತು, 1993ರಲ್ಲಿ ಡಾಫ್ ಲಾರಿ ಕಂಪನಿ ದಿವಾಳಿ ಎದ್ದಿತು. ಆ ಊರು ಸಿಲಿಕಾನ್ ವ್ಯಾಲಿ ಆಗ್ತೀನಿ ಅನ್ನಲಿಲ್ಲ. ಪುರಸಭೆಗಳು, ಕಂಪನಿಗಳು, ತಾಂತ್ರಿಕ ವಿಶ್ವವಿದ್ಯಾಲಯ ಒಟ್ಟು ಕೂತು ಇದ್ದ ಕಸುಬನ್ನೇ ಹಿಡಿದ್ರು: ದೃಗ್ವಿಜ್ಞಾನ, ನಿಖರ ಯಂತ್ರ, ಕಂಪ್ಯೂಟರ್ ಚಿಪ್. ಫಿಲಿಪ್ಸಿನ ಬೇಲಿ ಹಾಕಿದ ಪ್ರಯೋಗಾಲಯದ ಆವರಣ ಹೊರಗಿನ ಕಂಪನಿಗಳಿಗೂ ತೆರೀತು. ಪಕ್ಕದ ಫೆಲ್ಡ್‌ಹೋವನ್ನಿನ ಎಎಸ್‌ಎಂಎಲ್, ಚಿಪ್ ತಯಾರಿಕೆಯ ಯಂತ್ರ ಮಾಡೋ ಕಂಪನಿ, 1984ರಲ್ಲಿ ಫಿಲಿಪ್ಸ್ ಜೊತೆ ಪಾಲುದಾರಿಕೆಯಲ್ಲಿ ಹುಟ್ಟಿದ್ದು. ತೀರಾ ಸೂಕ್ಷ್ಮ ಚಿಪ್ ಮುದ್ರಿಸೋ ಅದರ ಇಯುವಿ ಯಂತ್ರ ಮಾರಾಟಕ್ಕೆ ಬರೋಷ್ಟರಲ್ಲಿ ದಶಕಗಳೇ ಹೋದವು. 10 ವರ್ಷದಲ್ಲಿ ದುಡ್ಡು ವಾಪಸ್ ಕೊಡಬೇಕಾದ ವಿಸಿ ಫಂಡಿಗೆ ಈ ತಾಳ್ಮೆ ಇರಲ್ಲ.

ಈಗ ಅಲ್ಲಿ ಮನೆ ಸಿಗ್ತಿಲ್ಲ, ವಿದ್ಯುತ್ ಗ್ರಿಡ್ ತುಂಬಿದೆ, ಹೊಸ ಸಂಪರ್ಕಕ್ಕೆ ಸಾಲು. ಎಎಸ್‌ಎಂಎಲ್ ಬೇರೆ ಕಡೆ ಬೆಳೀತೀನಿ ಅಂತ ಸೂಚನೆ ಕೊಟ್ಟ ಮೇಲೆ 2024ರ ಮಾರ್ಚಿನಲ್ಲಿ ಡಚ್ ಸರ್ಕಾರ 250 ಕೋಟಿ ಯೂರೋ ಘೋಷಿಸ್ತು. ಯೋಜನೆಯ ಹೆಸರು ಬೀಥೋವನ್. ದುಡ್ಡು ಹೋಗೋದು ಮನೆ, ರಸ್ತೆ, ಶಿಕ್ಷಣ, ಗ್ರಿಡ್‌ಗೆ. ಒಂದು ಪೈಸೆಯೂ ಬಣ್ಣದ ಕುರ್ಚಿಗಲ್ಲ.

ಸ್ಪ್ರೀ_ದಂಡೆ
ಬಲ್ಬು ಅವರೇ, ಹಾಗಾದ್ರೆ ಎಎಸ್‌ಎಂಎಲ್ 50 ವರ್ಷದೊಳಗೆ ಹುಟ್ಟಿದ್ದು, 10,000 ಕೋಟಿ ಯೂರೋ ಯಾವಾಗಲೋ ದಾಟಿದೆ. ದ್ರಾಗಿ ಲೆಕ್ಕ ತಪ್ಪಾ?

ಫಿಲಿಪ್ಸ್_ಬಲ್ಬು
"ಸೊನ್ನೆಯಿಂದ" ಅನ್ನೋ ಮಾತಿನಲ್ಲಿ ಅದು ನುಣುಚಿಕೊಳ್ಳುತ್ತೆ. ಎಎಸ್‌ಎಂಎಲ್‌ಗೆ ತಾಯಿ ಮನೆ ಇತ್ತು. ಜರ್ಮನಿಯ ಸಾಫ್ಟ್‌ವೇರ್ ಕಂಪನಿ ಎಸ್‌ಎಪಿ 1972ರದ್ದು, ಎರಡು ವರ್ಷದಲ್ಲಿ ತಪ್ಪಿಹೋಯ್ತು. ವರದಿ ಬಂದ ಮೇಲೆ ಸ್ಪಾಟಿಫೈ ಆ ಗೆರೆ ದಾಟಿತು, ಆದ್ರೆ ಅದರ ಷೇರು ನಡೆಯೋದು ನ್ಯೂಯಾರ್ಕಿನಲ್ಲಿ.

ಟಾಲ್ಲಿನ್_ಟಪಾಲು
ಷೇರು ಎಲ್ಲಿ ನಡೆಯುತ್ತೆ ಅನ್ನೋದೇ ನೋವಿನ ಜಾಗ. ಬಯೋನ್‌ಟೆಕ್ 2019ರಲ್ಲಿ ಅಮೆರಿಕದ ಷೇರುಪೇಟೆ ನಾಸ್ಡಾಕ್, ಆರ್ಮ್ 2023ರಲ್ಲಿ ನಾಸ್ಡಾಕ್, ಕ್ಲಾರ್ನಾ 2025ರಲ್ಲಿ ನ್ಯೂಯಾರ್ಕ್. ಆಡ್ಯೆನ್ ಮಾತ್ರ 2018ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲೇ ಉಳೀತು. ಮಾರಾಟವಾದವೂ ಹಾಗೇ: ಡೀಪ್‌ಮೈಂಡ್ ಗೂಗಲ್‌ಗೆ, ವೋಲ್ಟ್ ಡೋರ್‌ಡ್ಯಾಶ್‌ಗೆ. ಬುಕಿಂಗ್ ಡಾಟ್ ಕಾಮ್ 2005ರಲ್ಲಿ 13.3 ಕೋಟಿ ಡಾಲರ್‌ಗೆ ಅಮೆರಿಕದ ಪ್ರೈಸ್‌ಲೈನ್‌ಗೆ ಹೋಯ್ತು. ಇವತ್ತು ಆ ಇಡೀ ಗುಂಪಿನ ಹೆಸರೇ ಬುಕಿಂಗ್.

ಆದ್ರೆ ಮಾರಾಟ ಅಂದ್ರೆ ನಷ್ಟ ಅಂತಲ್ಲ. ಸ್ಕೈಪ್ 2005ರಲ್ಲಿ ಈಬೇಗೆ 260 ಕೋಟಿ ಡಾಲರ್‌ಗೆ ಹೋಯ್ತು. ಆ ದುಡ್ಡಿನಿಂದ ಸಂಸ್ಥಾಪಕ ಸೆನ್‌ಸ್ಟ್ರೋಮ್ ಅಟಾಮಿಕೊ ಫಂಡ್ ಕಟ್ಟಿದ್ರು, ಮೊದಲ ನೌಕರ ಹಿನ್ರಿಕುಸ್ ವೈಸ್ ಕಟ್ಟಿದ್ರು. ಸ್ಕೈಪ್ 2025ರ ಮೇನಲ್ಲಿ ಮುಚ್ಚಿತು, ಅದರ ಮರಿಗಳು ಇವೆ.

ಮಲ್ಲೇಶ್ವರ_8ನೇ_ಕ್ರಾಸ್
ಡೆಲವೇರ್ ಮಾತು ಬಂದಾಗ ನಮ್ಮ ಕಡೆಯದ್ದೂ ಸೇರಿಸ್ತೀನಿ, ಯಾಕಂದ್ರೆ ಕಾಯಿಲೆ ಒಂದೇ. ಫ್ಲಿಪ್‌ಕಾರ್ಟ್ ಬೆಂಗಳೂರಿನದ್ದೇ ಆದ್ರೂ ಮೂಲ ಕಂಪನಿ ಸಿಂಗಪುರದಲ್ಲಿತ್ತು, 2018ರಲ್ಲಿ ವಾಲ್‌ಮಾರ್ಟ್ ಕೊಂಡದ್ದು ಅದನ್ನೇ. ಫೋನ್‌ಪೇ 2022ರಲ್ಲಿ ವಾಪಸ್ ಭಾರತಕ್ಕೆ ಬಂತು, ಅದಕ್ಕೆ ಹೂಡಿಕೆದಾರರು ಸುಮಾರು 8,000 ಕೋಟಿ ರೂಪಾಯಿ ತೆರಿಗೆ ಕಟ್ಟಬೇಕಾಯ್ತು. ಕಾಗದ ಹೊರಗೆ ಹೋಗೋದು ಸುಲಭ, ತಿರುಗಿ ಬರೋದು ದುಬಾರಿ.

ಯುರೋಪಿನವರು ಹೊರಡೋದೂ ಹೀಗೇ. ಡೆಲವೇರಲ್ಲಿ ಹೊಸ ತಾಯಿ ಕಂಪನಿ, ಹಳೇ ಕಂಪನಿಯ ಷೇರು ಕೊಟ್ಟು ಹೊಸದರ ಷೇರು ತಗೊಳ್ಳೋದು. ಜರ್ಮನ್ ಸಂಸ್ಥಾಪಕರಿಗೆ ಈ ಅದಲುಬದಲೇ ಮಾರಾಟ ಅಂತ ತೆರಿಗೆ ಬೀಳಬಹುದು, ಕೈಗೆ ಒಂದು ಸೆಂಟ್ ಬರದಿದ್ರೂ. ಅದಕ್ಕೆ ವಕೀಲರು ಹೇಳೋದು, ಹೋಗೋದಿದ್ರೆ ಬೆಲೆ ಏರೋ ಮುಂಚೆ ಹೋಗಿ. ಉಳಿಯೋಣ ಅಂದುಕೊಂಡವನೂ ಈ ಭಯಕ್ಕೆ ಮೊದಲ ದಿನವೇ ಹೊರಡ್ತಾನೆ! ಇದಕ್ಕೇ 27 ದೇಶಗಳ 27 ಕಾನೂನಿನ ಪಕ್ಕ ಎಲ್ಲೆಡೆ ನಡೆಯೋ 28ನೇದೊಂದು ಬೇಕು ಅಂತ ಒಕ್ಕೂಟ 2025ರ ಮೇ ತಿಂಗಳ ಸ್ಟಾರ್ಟಪ್ ನೀತಿಯಲ್ಲಿ ಹೇಳಿದ್ದು.

ಒಗ್ಗರಣೆ_ಮಂಜು
ವಿಷಯ ಬಿಟ್ಟು ಒಂದು ಪ್ರಶ್ನೆ. ಸ್ಟಾರ್ಟಪ್‌ಗೆ ನವೋದ್ಯಮ ಅಂತಾರೆ ಸರಿ. 100 ಕೋಟಿ ಡಾಲರ್ ಮುಟ್ಟಿದ ಯುನಿಕಾರ್ನ್‌ಗೆ?

ಚುರುಮುರಿ
ಒಂಟಿಕೊಂಬಿನ ಕುದುರೆ. ಬಿದ್ದರೆ ಬರೀ ಒಂಟಿ.

ಐಸಾರ್_ನೀರು
ಬೀಳೋ ಮಾತು ಬಂತಲ್ಲ, ಅದನ್ನ ಯಾರೂ ಬಿಡಿಸಿಲ್ಲ. ಸೋಲನ್ನ ಸಂಭ್ರಮಿಸಿ ಅಂತ ಯುರೋಪಿನ ಸಮ್ಮೇಳನಗಳಲ್ಲಿ ಭಾಷಣ ನಡೆಯುತ್ತೆ. ಕಾನೂನು ಸಂಭ್ರಮಿಸಲ್ಲ. ಜರ್ಮನಿಯಲ್ಲಿ ಕಂಪನಿ ಬಾಕಿ ಕಟ್ಟಲಾರದ ಸ್ಥಿತಿಗೆ ಬಂದ್ರೆ ಹೆಚ್ಚೆಂದ್ರೆ 3 ವಾರದಲ್ಲಿ, ಆಸ್ತಿಗಿಂತ ಸಾಲ ಹೆಚ್ಚಾಗಿ ಮುಂದೆ ನಡೆಯೋ ಭರವಸೆಯೂ ಇಲ್ಲದಿದ್ರೆ 6 ವಾರದಲ್ಲಿ ದಿವಾಳಿ ಅರ್ಜಿ ಹಾಕಬೇಕು. ಹಾಕದಿದ್ರೆ ನಿರ್ದೇಶಕರ ಮೇಲೆ ಕ್ರಿಮಿನಲ್ ಕೇಸು, ಸ್ವಂತ ಆಸ್ತಿಗೂ ಕೈ ಬರುತ್ತೆ.

ಇಲ್ಲೇ ಅಮೆರಿಕದ ನಕಲು ಕಾಲಿಗೆ ತೊಡರೋದು. ಸ್ಟಾರ್ಟಪ್‌ಗಳಿಗೆ ಮೊದಲ ದುಡ್ಡು ಹಾಕೋ ಅಮೆರಿಕದ ವೈ ಕಾಂಬಿನೇಟರ್ 2013ರಲ್ಲಿ ತಂದ ಸೇಫ್ ಅನ್ನೋ ಹೂಡಿಕೆ ಕರಾರು ಅಮೆರಿಕದಲ್ಲಿ ಸಾಲ ಅಲ್ಲ, ಮುಂದೆ ಷೇರು ಕೊಡೋ ವಾಗ್ದಾನ. ಜರ್ಮನಿಯಲ್ಲಿ ಅದರ ಜಾಗದಲ್ಲಿ ಬಳಸೋದು ಷೇರಾಗಿ ಬದಲಾಗೋ ಸಾಲ. ಹೆಸರೇ ಸಾಲ, ಲೆಕ್ಕದಲ್ಲೂ ಸಾಲ. 5 ಲಕ್ಷ ಯೂರೋ ತಗೊಂಡು ಸಂಬಳಕ್ಕೆ ಖರ್ಚು ಮಾಡಿದ್ರಿ, ಆಸ್ತಿ ಎರಡು ಲ್ಯಾಪ್‌ಟಾಪು, ಈಗ ನೀವು ಕಾಗದದಲ್ಲಿ ಮುಳುಗಿದವರು. ಹಾಗಾಗದಂತೆ ಕರಾರಿನಲ್ಲಿ ಒಂದು ಷರತ್ತು ಇರಲೇಬೇಕು: ಸಾಲ ಕೊಟ್ಟ ಬೇರೆಲ್ಲರಿಗೆ ತೀರಿಸಿದ ಮೇಲಷ್ಟೇ ಈ ಸಾಲ ಕೇಳ್ತೀವಿ ಅಂತ. ಇಂಗ್ಲಿಷ್ ನಮೂನೆ ಇಳಿಸಿಕೊಂಡು ಸಹಿ ಹಾಕಿದವರು ಈ ಷರತ್ತನ್ನೇ ಬಿಟ್ಟಿರ್ತಾರೆ.

ದಿವಾಳಿ ಇಲ್ಲದೆ ಸುಮ್ಮನೆ ಮುಚ್ಚೋಣ ಅಂದ್ರೂ ಸಾಲ ಕೊಟ್ಟವರಿಗೆ ಪ್ರಕಟಣೆ ಕೊಟ್ಟು 1 ವರ್ಷ ಕಾಯಬೇಕು. ಅಷ್ಟು ದಿನ ಲೆಕ್ಕಪತ್ರ, ತೆರಿಗೆ ಘೋಷಣೆ ನಡೀತಾನೇ ಇರಬೇಕು. ಒಳ್ಳೇದೂ ಒಂದಾಗಿದೆ: ವೈಯಕ್ತಿಕ ಸಾಲಮುಕ್ತಿಗೆ 6 ವರ್ಷ ಇದ್ದದ್ದು ಈಗ 3 ವರ್ಷ.

ಕ್ರಾಯ್ಟ್ಸ್‌ಬರ್ಗ್_ಕಾಫಿ
ನಗರದ ಜನರನ್ನ ಯಾರಾದ್ರೂ ಕೇಳಿದ್ರಾ? ಬರ್ಲಿನ್ನಿನ ಕ್ರಾಯ್ಟ್ಸ್‌ಬರ್ಗ್‌ನಲ್ಲಿ ಹಳೇ ವಿದ್ಯುತ್ ಉಪಕೇಂದ್ರದೊಳಗೆ ಗೂಗಲ್ ಸ್ಟಾರ್ಟಪ್ ಕ್ಯಾಂಪಸ್ ಮಾಡೋಕೆ ಹೊರಟಿತ್ತು. ಬಾಡಿಗೆ ಏರುತ್ತೆ ಅಂತ ಬೀದಿಗಿಳಿದ್ರು. 2018ರ ಅಕ್ಟೋಬರಿನಲ್ಲಿ ಗೂಗಲ್ ಕೈಬಿಟ್ಟು ಜಾಗವನ್ನ ಸಮಾಜಸೇವಾ ಸಂಸ್ಥೆಗಳಿಗೆ ಕೊಡ್ತು. ಸ್ಯಾನ್ ಫ್ರಾನ್ಸಿಸ್ಕೊ ಬಾಡಿಗೆ ನೋಡಿದವರು ಇದನ್ನ ಹುಚ್ಚು ಅನ್ನಲ್ಲ.

ನೇರ_ನುಡಿ
ಕ್ಯಾಂಪಸ್ ಹೋಯ್ತು, ಬಾಡಿಗೆ ಇಳೀತಾ?

ಕ್ರಾಯ್ಟ್ಸ್‌ಬರ್ಗ್_ಕಾಫಿ
ಇಲ್ಲ. ರಾಜ್ಯ ಸರ್ಕಾರ ತಂದ ಬಾಡಿಗೆ ಮಿತಿ ಕಾನೂನನ್ನೂ 2021ರ ಏಪ್ರಿಲ್‌ನಲ್ಲಿ ಸಂವಿಧಾನ ನ್ಯಾಯಾಲಯ ಹೊಡೆದುಹಾಕ್ತು. ಆದ್ರೆ ಮನೆ ಕಟ್ಟದೆ ಎಂಜಿನಿಯರ್ ಕರೆಸಿದ್ರೆ ಏನಾಗುತ್ತೆ ಅನ್ನೋ ಪ್ರಶ್ನೆ ಅಲ್ಲೇ ಇದೆ.

ಇಸಾಪ್_ಈಶ್ವರಿ
ಎಂಜಿನಿಯರ್ ಅಂದ್ರಿ, ಇಲ್ಲಿ ಓದ್ತಿರೋ ಬಹಳ ಜನಕ್ಕೆ ಬೇಕಾದ್ದು ಇದು. ಜರ್ಮನಿಯ ಬ್ಲೂ ಕಾರ್ಡ್, ಅಂದ್ರೆ ಓದಿದ ವಿದೇಶಿಯರ ಕೆಲಸದ ಪರವಾನಗಿ, ನೌಕರಿಗೆ ಕೊಟ್ಟದ್ದು. 2025ರಲ್ಲಿ ಅದಕ್ಕೆ ಕನಿಷ್ಠ ಸಂಬಳ ವರ್ಷಕ್ಕೆ 48,300 ಯೂರೋ ಇತ್ತು, ಐಟಿಯಂಥ ಕೊರತೆ ಇರೋ ಕಸುಬಿಗೆ 43,759.80. ಬ್ಲೂ ಕಾರ್ಡ್ ಮೇಲಿದ್ದು ಪಕ್ಕದಲ್ಲಿ ಸ್ವಂತ ಉದ್ಯಮ ಮಾಡಬೇಕಾದ್ರೆ ವಿದೇಶಿಯರ ಕಚೇರಿಯ ಅನುಮತಿ ಬೇಕು. ಜರ್ಮನ್ ಭಾಷೆ ಬಿ1 (ಮಧ್ಯಮ) ಮಟ್ಟಕ್ಕೆ ಬಂದ್ರೆ 21 ತಿಂಗಳಿಗೆ, ಎ1 (ಆರಂಭಿಕ) ಇದ್ರೆ 27 ತಿಂಗಳಿಗೆ ಕಾಯಂ ವಾಸದ ಪರವಾನಗಿಗೆ ಅರ್ಜಿ ಹಾಕಬಹುದು, ಅದು ಬಂದ ಮೇಲೆ ಯಾರನ್ನೂ ಕೇಳಬೇಕಿಲ್ಲ. ಅಮೆರಿಕದಲ್ಲಿ ಗ್ರೀನ್ ಕಾರ್ಡ್‌ಗೆ ಕಾಯೋ ಭಾರತೀಯರಿಗೆ ಈ ತಿಂಗಳ ಲೆಕ್ಕ ಕನಸು, ಮೇಲೆ 2025ರ ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ಅರ್ಜಿಗೆ 1,00,000 ಡಾಲರ್ ಅಂತ ಆದೇಶ ಬಂತು. ಯುರೋಪಿನ ನಗರಗಳಿಗೆ ನಿಜವಾದ ಅವಕಾಶ ಇಲ್ಲಿದೆ. ವಿದೇಶಿಯರ ಕಚೇರಿಯಲ್ಲಿ ನಾಲ್ಕು ಮೇಜು ಜಾಸ್ತಿ ಹಾಕಿ, ಇಂಗ್ಲಿಷ್ ಬಲ್ಲವರನ್ನ ಕೂರಿಸೋದು ಮೇಯರ್ ಕೈಲೇ ಇದೆ.

ಸ್ಪ್ರೀ_ದಂಡೆ
ಇದು ಲಕ್ಷದ ಮಾತು. ಬರ್ಲಿನ್ನಿನ ಆ ಕಚೇರಿಯಲ್ಲಿ ಅಪಾಯಿಂಟ್‌ಮೆಂಟ್ ಸಿಗೋದೇ ಒಂದು ಸ್ಟಾರ್ಟಪ್ ಕೆಲಸ. ಈಶ್ವರಿಯವರೇ, ವರ್ಚುವಲ್ ಷೇರಿನ ಲೆಕ್ಕದಲ್ಲಿ ಸಾಮಾಜಿಕ ಭದ್ರತೆಯ ಕಂತು ಸೇರಿಸಿದ್ರಾ?

ಇಸಾಪ್_ಈಶ್ವರಿ
ಇಲ್ಲ. ಬರೀ ಶೇ 42 ಹಿಡಿದದ್ದು. ಕಂತಿಗೆ ವರ್ಷದ ಮೇಲ್ಮಿತಿ ಇದೆ. ಸಂಬಳ ಆಗಲೇ ಆ ಮಿತಿ ದಾಟಿದವರಿಗೆ ಹೆಚ್ಚುವರಿ ಕಂತು ಬೀಳಲ್ಲ, ಕಡಿಮೆ ಸಂಬಳದವರಿಗೆ ಬೀಳುತ್ತೆ. ತೆರಿಗೆಯ ಮೇಲೆ ಸಾಲಿಡಾರಿಟಿ ಸರ್ಚಾರ್ಜ್ ಅನ್ನೋ ಮೇಲ್ತೆರಿಗೆ ಕೂಡ ಬರಬಹುದು. 58,000ಕ್ಕಿಂತ ಸ್ವಲ್ಪ ಇಳಿಸಿ ಓದಿಕೊಳ್ಳಿ.

ಕುಡ್ಲದ_ಅಳಿಯ
ನೋಟರಿ ಫೀಸು ಅದರಲ್ಲಿ ಸೇರಿಲ್ಲ 🙂